ಹಂಚಿನ ಮಾಡಿಗೆ ಆರು ಕುದುರೆಗಳು: ಬಾಡಿಗೆಗೆ ತಂದ ಸಾರವೆ ಆಧಾರಗಳ ಬಗ್ಗೆ

ಶಿರಸಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಯ ಮೇಲಿರುವ ನಮ್ಮ ಮನೆಯ ಮಾಡಿನಲ್ಲಿ ಸುಮಾರು 3,200 ಮಂಗಳೂರು ಹಂಚುಗಳಿವೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಅವನ್ನು ಒಮ್ಮೆ ಕೈಯಾಡಿಸಿ, ಮಂಗಗಳು ಒಡೆದುಹಾಕಿದ್ದನ್ನು ಬದಲಿಸಿ, ಸಂದಿನಲ್ಲಿ ಸೇರಿದ ಕಸ ಮತ್ತು ಹಾವಸೆಯನ್ನು ಕೆರೆದು ತೆಗೆಯುವುದು ಪ್ರತಿ ವರ್ಷದ ಕೆಲಸ. ಈ ಬೇಸಿಗೆಯಲ್ಲಿ ಕೆಲಸ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ತೆಂಕು ಬದಿಯ ಇಳಿಜಾರಿನಲ್ಲಿ ರೀಪುಗಳು, ಅಂದರೆ ಹಂಚು ಕೂರುವ ಅಡ್ಡಪಟ್ಟಿಗಳು, ಒರಲೆ ತಿಂದು ಟೊಳ್ಳಾಗಿದ್ದುದರಿಂದ ಆ ಬದಿಯ ಹಂಚನ್ನೆಲ್ಲ ಇಳಿಸಿ, ರೀಪು ಬದಲಿಸಿ, ಮತ್ತೆ ಹೊದಿಸಬೇಕಾಯಿತು. ಹನ್ನೊಂದು ದಿನ ಮೂವರು ಆಳುಗಳು ಮಾಡಿನ ಮೇಲೆ ಇರುವ ಕೆಲಸ ಅದು. ಅದಕ್ಕಾಗಿ ನಾನು ಶಿರಸಿ ಪೇಟೆಯ ಬಾಡಿಗೆ ಅಂಗಡಿಯೊಂದರಿಂದ ಇಳಿಜಾರು ಮಾಡಿಗೆ ಹೊಂದಿಸಿಕೊಳ್ಳಬಹುದಾದ ಆರು ಕಬ್ಬಿಣದ ಸಾರವೆ ಆಧಾರಗಳನ್ನು, ಅಂದರೆ ನಿಂತು ಕೆಲಸ ಮಾಡುವ ಹಲಗೆಗಳನ್ನು ಹೊರುವ ಚೌಕಟ್ಟುಗಳನ್ನು, ತಂದೆ. ಅಂಗಡಿಯವರು ಅವನ್ನು ‘ರೂಫ್ ಬ್ರ್ಯಾಕೆಟ್’ ಎನ್ನುತ್ತಾರೆ. ನಮ್ಮ ಮೇಸ್ತ್ರಿ ಎರಡನೆಯ ದಿನವೇ ‘ಕುದುರೆ’ ಎಂದು ಹೆಸರಿಟ್ಟ. ನನಗೂ ಆ ಹೆಸರೇ ಹಿಡಿಸಿತು.

ಇದುವರೆಗೆ ನಮ್ಮಲ್ಲಿ ನಡೆದುಬಂದ ಪದ್ಧತಿ ಬೇರೆ. ಬಿದಿರಿನ ಏಣಿಯೊಂದನ್ನು ಮಾಡಿನ ಮೇಲೆ ಉದ್ದಕ್ಕೆ ಮಲಗಿಸಿ, ಅದರ ತಲೆಯನ್ನು ಹಗ್ಗದಿಂದ ನೆತ್ತಿಯ ತೊಲೆಗೆ ಕಟ್ಟಿ, ಅದರ ಮೆಟ್ಟಿಲುಗಳ ಮೇಲೆ ಒಂದು ಕಾಲು, ಹಂಚಿನ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡು ಕೆಲಸ ಮಾಡುವುದು. ಏಣಿ ಸಿಗದಿದ್ದರೆ ಅಡಿಕೆ ಮರದ ಎರಡು ದಬ್ಬೆಗಳಿಗೆ ಅಡ್ಡಪಟ್ಟಿ ಹೊಡೆದುಕೊಂಡರೂ ಆಯಿತು. ನುರಿತವನು ಹಂಚಿನ ನಡುವೆ ಕಾಲಿಡುವುದಿಲ್ಲ. ಒಂದರ ಮೇಲೊಂದು ಹೊಂದಿರುವ ಕಡೆ, ಕೆಳಗೆ ರೀಪು ಇರುವ ಸಾಲಿನಲ್ಲೇ ಇಡುತ್ತಾನೆ. ಆದರೂ ಇಳಿದು ಬರುವಷ್ಟರಲ್ಲಿ ಹಂಚು ಒಡೆದೇ ಇರುತ್ತದೆ. ಕಳೆದ ಬಾರಿ ಬರೀ ಕೈಯಾಡಿಸುವಾಗಲೇ 60ಕ್ಕಿಂತ ಹೆಚ್ಚು ಒಡೆದಿದ್ದವು. ನೆಲದಿಂದ ಎಬ್ಬಿಸುವ ಪೈಪಿನ ಸಾರವೆಯೂ ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಅದು ಸೂರಿನ ತುದಿಯವರೆಗೆ ಮಾತ್ರ ಒದಗುತ್ತದೆ. ನಮ್ಮ ಮಾಡಿನ ಇಳಿಜಾರು ಸೂರಿನಿಂದ ನೆತ್ತಿಯವರೆಗೆ 18 ಅಡಿ ಇದೆ, ಅದರ ನಡುಭಾಗಕ್ಕೆ ಪೈಪಿನ ಸಾರವೆಯಿಂದ ಏನೂ ಉಪಯೋಗವಿಲ್ಲ.

ಈ ಕುದುರೆಯ ರಚನೆ ಸರಳವಾಗಿದೆ. 40 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯಿಂದ ಮಾಡಿದ ತ್ರಿಕೋನ ಅದು. ಒಂದು ಭುಜ ಇಳಿಜಾರಿನ ಮೇಲೆ ಮಲಗುತ್ತದೆ. ಅದರ ಮೇಲ್ತುದಿಯಲ್ಲಿ ಕೀಲಿನಿಂದ ಜೋಡಿಸಿದ, 16 ಇಂಚು ಉದ್ದದ ಎರಡನೆಯ ಭುಜ ಹಲಗೆಯನ್ನು ಹೊರುತ್ತದೆ, ಹಲಗೆ ಜಾರದಂತೆ ಅದರ ಹೊರತುದಿಯನ್ನು ಒಂದೂವರೆ ಇಂಚು ಮೇಲಕ್ಕೆ ಬಗ್ಗಿಸಲಾಗಿದೆ. ಹಲಗೆಯ ಭುಜದ ಹೊರತುದಿಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಮೂರನೆಯ ಭುಜವೇ ಇಡೀ ಉಪಕರಣದ ಜೀವ: ಅದು ಒಂದರ ಮೇಲೊಂದು ಜಾರುವ ಎರಡು ಪಟ್ಟಿಗಳಾಗಿದ್ದು, ಐದು ತೂತುಗಳಲ್ಲಿ ಯಾವುದಕ್ಕೆ ಪಿನ್ನು ತೂರಿಸುತ್ತೇವೆಯೋ ಅದಕ್ಕೆ ತಕ್ಕಂತೆ ಉದ್ದ ಅಥವಾ ಗಿಡ್ಡ ಆಗುತ್ತದೆ. ಮಾಡು ಕಡಿದಾದಷ್ಟೂ ಈ ಭುಜ ಉದ್ದವಾಗಬೇಕು. ಐದು ತೂತುಗಳು 25, 30, 35, 40 ಮತ್ತು 45 ಡಿಗ್ರಿಯ ಇಳಿಜಾರಿಗೆ ಹೊಂದುತ್ತವೆ. ಮಲಗುವ ಭುಜದ ಮೇಲ್ತುದಿಯಿಂದ ಇನ್ನೊಂದು ಪಟ್ಟಿ ಮುಂದಕ್ಕೆ ಚಾಚಿಕೊಂಡಿದ್ದು, ಅದರಲ್ಲಿ ಬೀಗದ ಕೈಯ ರಂಧ್ರದ ಹಾಗೆ ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ಮೂರು ಸೀಳುಗಳಿವೆ. ಮೊಳೆಯ ತಲೆ ಅಗಲದ ಕಡೆಯಿಂದ ಒಳಹೊಕ್ಕು ಕಿರಿದಾದ ಕಡೆ ಕಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕುದುರೆಯನ್ನು ಕೆಳಗಿನಿಂದ ಮೇಲಕ್ಕೆ ಎರಡೇಟು ತಟ್ಟಿದರೆ ಮೊಳೆ ಕೀಳದೆಯೇ ಅದು ಕಳಚಿ ಬರುತ್ತದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದನ್ನು ಇಟ್ಟು ನೋಡಿದೆ, 3 ಕಿಲೋ 200 ಗ್ರಾಂ ಬಂತು. ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಒಯ್ಯಬಹುದಾದ ತೂಕ.

ಮೊದಲ ತೊಡಕು ಕೋನದ್ದೇ. ನಮ್ಮ ಮಾಡು 12 ಇಂಚು ಅಡ್ಡಕ್ಕೆ ಏಳೂವರೆ ಇಂಚು ಏರುತ್ತದೆ. ರಸಮಟ್ಟ ಹಿಡಿದು, ಅಳತೆಪಟ್ಟಿ ಇಳಿಬಿಟ್ಟು ಮೂರು ಕಡೆ ನೋಡಿದೆ, ಎಲ್ಲ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಬಂತು. ಅಂದರೆ ಸುಮಾರು 32 ಡಿಗ್ರಿ. ಕುದುರೆಯಲ್ಲಿ 30ರ ತೂತಿದೆ, 35ರ ತೂತಿದೆ, ನಡುವೆ ಏನೂ ಇಲ್ಲ. ಹತ್ತಿರದ್ದು 30 ಎಂದು ಆಳುಗಳು ಅದಕ್ಕೇ ಪಿನ್ನು ಹಾಕಿದ್ದರು. ಹಾಗೆ ಮಾಡಿದರೆ ಹಲಗೆ ಎರಡು ಡಿಗ್ರಿಯಷ್ಟು ಹೊರಕ್ಕೆ, ಅಂದರೆ ಅಂಗಳದ ಕಡೆಗೆ ವಾಲುತ್ತದೆ. 16 ಇಂಚಿನ ಅಗಲದಲ್ಲಿ ಒಂದೂವರೆ ಸೆಂಟಿಮೀಟರ್‌ಗೂ ಕಡಿಮೆಯ ವಾಲು, ಕೆಳಗೆ ನಿಂತು ನೋಡಿದರೆ ಕಣ್ಣಿಗೆ ಬೀಳುವುದೂ ಇಲ್ಲ. ಆದರೆ ಬೆಳಗಿನ ಇಬ್ಬನಿಯಲ್ಲಿ ಒದ್ದೆಯಾದ ಹಲಗೆಯ ಮೇಲೆ ನಿಂತವನ ಪಾದಕ್ಕೆ ಅದು ಗೊತ್ತಾಗುತ್ತದೆ. 35ಕ್ಕೆ ಹಾಕಿದರೆ ಹಲಗೆ ಮೂರು ಡಿಗ್ರಿಯಷ್ಟು ಮಾಡಿನ ಕಡೆಗೇ ವಾಲುತ್ತದೆ, ಕಾಲು ಜಾರಿದರೂ ಒಳಕ್ಕೇ ಜಾರುತ್ತದೆ. ಆದ್ದರಿಂದ ಎರಡು ತೂತುಗಳ ನಡುವೆ ಸಿಕ್ಕಿಕೊಂಡವರು ಯಾವಾಗಲೂ ಹೆಚ್ಚಿನ ಡಿಗ್ರಿಯದನ್ನು ಆರಿಸಿಕೊಂಡು, ಬೇಕಾದರೆ ಹಲಗೆಯ ಒಳಬದಿಗೆ ಮರದ ಬೆಣೆ ಕೊಟ್ಟು ಮಟ್ಟ ಮಾಡಿಕೊಳ್ಳುವುದು ಒಳ್ಳೆಯದು. ಉಪಕರಣದ ಜೊತೆಗೆ ಬಂದ ಚೀಟಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಈ ನಮೂನೆಯ ಆಧಾರಗಳು ಮೂಲತಃ ಹಲಗೆ ಹೊದಿಸಿದ ಮಾಡುಗಳಿಗೆ, ಅಂದರೆ ಎಲ್ಲಿ ಮೊಳೆ ಹೊಡೆದರೂ ಕೆಳಗೆ ಗಟ್ಟಿ ಮರ ಸಿಗುವ ವಿದೇಶದ ಮನೆಗಳಿಗೆಂದು ರೂಪುಗೊಂಡವು. ನಮ್ಮಲ್ಲಿ ಹಂಚಿನ ಕೆಳಗೆ ರೀಪು, ರೀಪಿನ ಕೆಳಗೆ ನೆತ್ತಿಯಿಂದ ಸೂರಿಗೆ ಇಳಿಯುವ ಮರದ ಪಕಾಸಿ, ನಡುವೆಲ್ಲ ಖಾಲಿ ಜಾಗ. ಹಂಚು ಮಳೆ ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ರೀಪು ಹಂಚನ್ನು ಹೊರುತ್ತದೆ, ಮನುಷ್ಯನನ್ನು ಹೊರಬೇಕೆಂದು ಅದನ್ನು ಯಾರೂ ಹಾಕಿರುವುದಿಲ್ಲ. ಕುದುರೆಯ ಭಾರ ಪಕಾಸಿಗೇ ಇಳಿಯಬೇಕು. ನಮ್ಮ ಮನೆಯಲ್ಲಿ ಪಕಾಸಿಗಳ ನಡುವೆ ಎರಡಡಿ ಅಂತರವಿರುವುದರಿಂದ ಪ್ರತಿ ಮೂರನೆಯ ಪಕಾಸಿಗೆ ಒಂದರಂತೆ, ಆರಡಿಗೊಂದು ಕುದುರೆ ಕೂರಿಸಿದೆವು. ಮೂರು ಕುದುರೆಗಳ ಮೇಲೆ ಎರಡು ಇಂಚು ದಪ್ಪ, ಏಳು ಇಂಚು ಅಗಲದ ಹಲಗೆ ಎರಡನ್ನು ಪಕ್ಕಪಕ್ಕಕ್ಕೆ ಹಾಸಿದರೆ, 12 ಅಡಿಗಿಂತ ತುಸು ಹೆಚ್ಚು ಉದ್ದದ, ಕೂತು ಕವಳ (ಎಲೆ-ಅಡಿಕೆ) ಹಾಕುವಷ್ಟು ಅನುಕೂಲವಾದ ಜಗಲಿಯೇ ಆಯಿತು. ಅಂಥ ಎರಡು ಸಾಲು, ಒಂದು ಸೂರಿನಿಂದ ಐದಡಿ ಮೇಲೆ, ಇನ್ನೊಂದು ಅದಕ್ಕೂ ಆರಡಿ ಮೇಲೆ.

ಭಾರದ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿಕೊಂಡೇ ಅವರನ್ನು ಹತ್ತಿಸಿದ್ದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನ ಚಾಳಿ ಎಂದು ಬೇಕಾದರೆ ನಗಬಹುದು. ಇಬ್ಬರು ಆಳು 140 ಕಿಲೋ, ತಲಾ ಸುಮಾರು ಎರಡೂವರೆ ಕಿಲೋದಂತೆ 20 ಹಂಚು 50 ಕಿಲೋ, ಹಲಗೆ 25 ಕಿಲೋ, ಒಟ್ಟು 215 ಕಿಲೋ. ಮೂರು ಆಧಾರಗಳಿಗೆ ಮೂರು ಸಮಪಾಲು ಎಂದು ತಿಳಿದರೆ ತಪ್ಪು. ಮೂರು ಆಧಾರಗಳ ಮೇಲೆ ತುಂಡಿಲ್ಲದ ಒಂದೇ ಹಲಗೆ ಹಾಸಿ, ಭಾರವನ್ನು ಉದ್ದಕ್ಕೂ ಸಮನಾಗಿ ಹರಡಿದರೂ, ನಡುವಿನದು ಎಂಟರಲ್ಲಿ ಐದು ಪಾಲನ್ನು ಹೊರುತ್ತದೆ. ಅಂದರೆ ಇಲ್ಲಿ 134 ಕಿಲೋ. ಇಬ್ಬರೂ ಒಂದು ಹಂಚನ್ನು ನೋಡಲು ನಡುವೆಯೇ ಸೇರಿದರೆ ಅದಕ್ಕಿಂತ ಹೆಚ್ಚು. 32 ಡಿಗ್ರಿಯ ಇಳಿಜಾರಿನಲ್ಲಿ ಆ ಭಾರದ ಅರ್ಧಕ್ಕಿಂತ ತುಸು ಹೆಚ್ಚು, ಎಂದರೆ 71 ಕಿಲೋದಷ್ಟು, ಕುದುರೆಯನ್ನು ಮಾಡಿನ ಉದ್ದಕ್ಕೆ ಕೆಳಗೆಳೆಯುತ್ತದೆ, ಆ ಎಳೆತವನ್ನೆಲ್ಲ ತಡೆಯುವುದು ಮೂರು ಮೊಳೆಗಳು. ನಾಲ್ಕಿಂಚಿನ ಮೂರು ಮೊಳೆ ಒಳ್ಳೆಯ ಮರದಲ್ಲಿ ಇದನ್ನು ಲೀಲಾಜಾಲವಾಗಿ ತಡೆಯುತ್ತವೆ, ಆದರೆ ಮರ ಒಳ್ಳೆಯದಿರಬೇಕು. ನಮ್ಮ ಪಕಾಸಿಗಳು ಹಳೆಯ ಮತ್ತಿ ಮರದವು. ಮೊಳೆ ಬಗ್ಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಡ್ರಿಲ್ಲಿನಿಂದ ಮೊದಲು 3 ಮಿಲಿಮೀಟರ್ ತೂತು ಕೊರೆದುಕೊಂಡೇ ಹೊಡೆಯಬೇಕಾಯಿತು. ಪ್ರತಿ ಪಕಾಸಿಗೂ ಮೊಳೆ ಹೊಡೆಯುವ ಮೊದಲು ಮೇಸ್ತ್ರಿ ಕತ್ತಿಯ ತುದಿಯಿಂದ ಎರಡು ಕಡೆ ಚುಚ್ಚಿ ನೋಡುತ್ತಿದ್ದ. ಒಂದು ಕಡೆ ಕತ್ತಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಹೊರಗಿನಿಂದ ನೋಡಿದರೆ ಆ ಪಕಾಸಿಗೆ ಏನೂ ಆಗಿರಲಿಲ್ಲ. ಅಲ್ಲಿ ಕುದುರೆ ಕೂರಿಸದೆ ಪಕ್ಕದ ಪಕಾಸಿಗೆ ಸರಿಸಿದೆವು. ಬೈನೆ ಮರದ ಪಕಾಸಿ ಹಾಕಿದ ಮನೆಗಳಲ್ಲಿ ಈ ಪರೀಕ್ಷೆ ಇನ್ನೂ ಅಗತ್ಯ, ಏಕೆಂದರೆ ಅದರ ಹೊರಚಿಪ್ಪು ಮಾತ್ರ ಉಕ್ಕಿನಂತಿದ್ದು ಒಳಗೆ ಬರೀ ಬೆಂಡು.

ಲೆಕ್ಕವನ್ನಷ್ಟೇ ನಂಬದೆ, ಮೊದಲ ಸಂಜೆ ನೆಲದಿಂದ ಏಳಡಿ ಎತ್ತರದಲ್ಲಿರುವ ಹೊರಜಗಲಿಯ ಮಾಡಿನ ಮೇಲೆ ಮೂರು ಕುದುರೆ ಕೂರಿಸಿ, ಹಲಗೆ ಹಾಸಿ, 50 ಕಿಲೋದ ಐದು ಮರಳು ಚೀಲಗಳನ್ನು ಏರಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಅಳೆದಾಗ ನಡುವಿನ ಕುದುರೆ 4 ಮಿಲಿಮೀಟರ್ ಕುಸಿದಿತ್ತು. ಸೀಳಿನಲ್ಲಿ ಮೊಳೆ ಕಚ್ಚಿಕೊಳ್ಳುವಾಗ ಆದ ಸರಿತ ಅದು, ಚೀಲ ಇಳಿಸಿದ ಮೇಲೆ ನೋಡಿದರೆ ಪಟ್ಟಿ ಎಲ್ಲಿಯೂ ಬಾಗಿರಲಿಲ್ಲ. ಕಬ್ಬಿಣದ ಗುಣದ ಬಗ್ಗೆ, ಬೆಸುಗೆಯ ಬಗ್ಗೆ ನನ್ನ ದೂರೇನೂ ಇಲ್ಲ.

ದೂರು ಇರುವುದು ಪಿನ್ನಿನ ಬಗ್ಗೆ, ಅದಕ್ಕೆ ಉಪಕರಣಕ್ಕಿಂತ ಬಾಡಿಗೆಗೆ ಕೊಟ್ಟವರೇ ಹೊಣೆ. ಮೂಲದಲ್ಲಿ ಪ್ರತಿ ಕುದುರೆಗೂ 12 ಮಿಲಿಮೀಟರ್ ದಪ್ಪದ ನಯವಾದ ಪಿನ್ನು, ಅದರ ತುದಿಗೆ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ಪು ಇರಬೇಕು. ನಾಲ್ಕರಲ್ಲಿ ಇತ್ತು. ಉಳಿದೆರಡರಲ್ಲಿ ಯಾರೋ ಹಿಂದಿನ ಬಾಡಿಗೆಯವರು ಪಿನ್ನು ಕಳೆದಿದ್ದು, ಅಂಗಡಿಯವರು ಅದರ ಜಾಗಕ್ಕೆ 10 ಮಿಲಿಮೀಟರ್‌ನ ಸಾದಾ ಬೋಲ್ಟು ತೂರಿಸಿ, ನಟ್ಟು ತಿರುಗಿಸಿ ಕೊಟ್ಟಿದ್ದರು. ತರುವಾಗ ನಾನು ಎಲ್ಲವನ್ನೂ ಎಣಿಸಿದೆನೇ ಹೊರತು ಒಂದೊಂದನ್ನೂ ಬಿಚ್ಚಿ ನೋಡಲಿಲ್ಲ, ಅದು ನನ್ನ ತಪ್ಪು. 12ರ ಬದಲು 10 ಎಂದರೆ ಎರಡೇ ಮಿಲಿಮೀಟರ್ ಎನಿಸಬಹುದು, ಆದರೆ ಅಡ್ಡಕೊಯ್ತದ ಲೆಕ್ಕದಲ್ಲಿ ಶೇಕಡಾ 30ರಷ್ಟು ಕಬ್ಬಿಣವೇ ಕಡಿಮೆ. ಮೇಲಾಗಿ ಎರಡು ಪಟ್ಟಿಗಳು ಕತ್ತರಿಯಂತೆ ಒತ್ತುವ ಜಾಗಕ್ಕೇ ಬೋಲ್ಟಿನ ಸುರುಳಿ ಬಂದಿತ್ತು, ಅಲ್ಲಿ ಅದು ಇನ್ನೂ ತೆಳು. ತೂತು 13 ಮಿಲಿಮೀಟರ್ ಇರುವುದರಿಂದ ಬೋಲ್ಟು ಅದರೊಳಗೆ ಅಲ್ಲಾಡುತ್ತಿತ್ತು. ಹಲಗೆಯ ಮೇಲೆ ಆಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಾಗಲೆಲ್ಲ ‘ಟಕ್’ ಎಂಬ ಸಣ್ಣ ಸದ್ದು ಕೇಳುತ್ತಿತ್ತು. ಮೊದಲ ದಿನ ಅದನ್ನು ಹಲಗೆಯ ಸದ್ದು ಎಂದುಕೊಂಡೆವು. ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಕವಳ ಹಾಕಿ ಕೂತಿದ್ದಾಗ, ಮಾಡಿನ ಮೇಲಿದ್ದ ಹುಡುಗನೊಬ್ಬ ಎದ್ದು ನಿಂತ ಹೊತ್ತಿಗೆ, ಏನೋ ಹಂಚಿನ ಮೇಲೆ ಟಣಟಣ ಎಂದು ಉರುಳಿ ಬಂದು ಅಂಗಳದ ಕಲ್ಲಿಗೆ ಬಡಿಯಿತು. ಮೇಸ್ತ್ರಿ ಎದ್ದು ಹೋಗಿ ಅದನ್ನು ಹೆಕ್ಕಿ ತಂದು ನನ್ನ ಅಂಗೈಯಲ್ಲಿಟ್ಟ. ನಟ್ಟು. “ಮಾಸ್ತರ್ರೇ, ಇದು ನಮ್ಮ ಕುದುರೇದು,” ಎಂದ, ಅಷ್ಟೇ. ಹುಡುಗನನ್ನು ಅಲುಗಾಡದೆ ಕೂರಲು ಹೇಳಿ, ಏಣಿ ಕೊಟ್ಟು ಇಳಿಸಿಕೊಂಡೆವು. ಬೋಲ್ಟು ಇನ್ನೂ ತೂತಿನಲ್ಲೇ ಇತ್ತು, ಆದರೆ ಅರ್ಧ ಹೊರಗೆ ಬಂದಿತ್ತು.

ಅಂಗಡಿಗೆ ಫೋನು ಮಾಡಿದರೆ, “ಎಲ್ಲರೂ ಹೀಂಗೇ ಒಯ್ತಾರ್ರೀ, ಯಾರೂ ಏನೂ ಅಂದಿಲ್ಲ,” ಎಂಬ ಉತ್ತರ ಬಂತು. ಪಿನ್ನು ಕಳಿಸುತ್ತೇವೆ ಎಂದವರು ಕಳಿಸಲಿಲ್ಲ. ಆ ಸಂಜೆಯೇ ಪೇಟೆಗೆ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ 8.8 ಎಂದು ತಲೆಯ ಮೇಲೆ ಗಟ್ಟಿತನದ ದರ್ಜೆಯ ಗುರುತಿರುವ 12 ಮಿಲಿಮೀಟರ್ ಬೋಲ್ಟು ಎರಡನ್ನು, ಸುರುಳಿಯಿಲ್ಲದ ಭಾಗ ಎರಡೂ ಪಟ್ಟಿಗಳನ್ನು ದಾಟುವಷ್ಟು ಉದ್ದ ನೋಡಿ, ಒಳಗೆ ನೈಲಾನ್ ಬಳೆಯಿರುವ, ಅದುರಿದರೂ ಸಡಿಲವಾಗದ ನಟ್ಟಿನ ಜೊತೆ ತಂದೆ. ಖರ್ಚು ನೂರು ರೂಪಾಯಿಯೊಳಗೇ ಮುಗಿಯಿತು. ನೂರು ರೂಪಾಯಿಯ ಸಾಮಾನು ಉಳಿಸಲು ಅಂಗಡಿಯವರು ಏನನ್ನು ಪಣಕ್ಕಿಟ್ಟಿದ್ದರು ಎಂಬುದನ್ನು ಅವರಿಗೆ ಹೇಳಿದೆ, ಕೇಳಿಸಿಕೊಂಡಂತೆ ಕಾಣಲಿಲ್ಲ. ಬಾಡಿಗೆಯ ವಿಚಾರದಲ್ಲಿ ಮಾತ್ರ ಅವರು ಸರಿಯಾಗಿದ್ದರು: ಒಂದಕ್ಕೆ ದಿನಕ್ಕೆ 40 ರೂಪಾಯಿ, ಠೇವಣಿ 500. ಮಳೆ ಬಂದು ಕೆಲಸ ನಿಂತ ಒಂದು ದಿನದ ಬಾಡಿಗೆಯನ್ನು ಕೇಳದೆಯೇ ಬಿಟ್ಟರು, ಠೇವಣಿಯನ್ನು ಪೂರ್ತಿ ಮರಳಿಸಿದರು.

ಆ ಮಳೆಯ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ಬಡಗು ಬದಿಯ ಇಳಿಜಾರಿನಲ್ಲಿ ಹಂಚು ಇಳಿಸದೆ ಕೈಯಾಡಿಸುವ ಕೆಲಸವಷ್ಟೇ ಇದ್ದುದರಿಂದ, ಅಲ್ಲಿ ಪಕಾಸಿಯ ನೇರಕ್ಕೆ ಒಂದು ಹಂಚು ಎತ್ತಿ, ಕುದುರೆಯ ಮೇಲ್ಪಟ್ಟಿಯನ್ನು ಒಳಕ್ಕೆ ತೂರಿಸಿ ಪಕಾಸಿಗೆ ಮೊಳೆ ಹೊಡೆದು, ಮತ್ತೆ ಹಂಚು ಮುಚ್ಚಿದ್ದೆವು. ಪಟ್ಟಿಯ ದಪ್ಪ 6 ಮಿಲಿಮೀಟರ್. ಅಷ್ಟೇ ಎತ್ತರಕ್ಕೆ ಮೇಲಿನ ಹಂಚು ಎದ್ದು ನಿಲ್ಲುತ್ತದೆ. ಸಂಜೆ ಭರಣಿ ಮಳೆ ಗಾಳಿಯ ಜೊತೆಗೆ ಅಡ್ಡಡ್ಡ ಹೊಡೆದಾಗ ಮೂರು ಕಡೆ ನೀರು ಒಳಗೆ ಬಂತು, ಅದೂ ಹಂಚಿನ ಸಂದಿಯಿಂದ ನೇರವಾಗಿ ತೊಟ್ಟಿಕ್ಕದೆ, ಮೊಳೆಯ ಬುಡದಿಂದ ಪಕಾಸಿಯ ಗುಂಟ ಇಳಿದು ನಡುಮನೆಯ ಗೋಡೆಗೆ. ಮರುದಿನ ಎದ್ದ ಹಂಚಿನ ಮೇಲೆ ಹಳೆಯ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮುಚ್ಚಿದ ಮೇಲೆ ನಿಂತಿತು. ಹಂಚು ಕೈಯಾಡಿಸುವುದಕ್ಕಷ್ಟೇ ಇದನ್ನು ಒಯ್ಯುವವರು ಏಪ್ರಿಲ್ ಮೊದಲ ವಾರದಲ್ಲೇ ಒಯ್ಯಲಿ, ಮೇ ತಿಂಗಳಿಗೆ ಕಾಯಬೇಡಿ. ಮೇ ತಿಂಗಳಲ್ಲಿ ಹೇಗೂ ಎಲ್ಲರಿಗೂ ಒಟ್ಟಿಗೇ ಬೇಕಾಗಿ ಅಂಗಡಿಯಲ್ಲಿ ಒಂದೂ ಉಳಿದಿರುವುದಿಲ್ಲ.

ಹಾಗೆ ಹಂಚಿನ ಮೇಲೆಯೇ ಕೂರಿಸುವಾಗ ಕುದುರೆಯ ಕೆಳತುದಿ ಹಂಚಿನ ಏಣುಗಳ ಮೇಲೆ ಒತ್ತುತ್ತದೆ. ಮೊದಲ ಗಂಟೆಯಲ್ಲೇ ನಾಲ್ಕು ಹಂಚು ಬಿರಿದವು. ಆಮೇಲೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಎರಡು ಹಂಚಿನಷ್ಟು ಅಗಲದ ಹಲಗೆ ತುಂಡು ಇಟ್ಟು, ಅದರ ಮೇಲೆ ಕುದುರೆಯನ್ನು ಮಲಗಿಸಿದೆವು. ಇಡೀ ಕೆಲಸ ಮುಗಿಯುವಾಗ ಒಡೆದದ್ದು ಆ ನಾಲ್ಕೂ ಸೇರಿ ಒಂಬತ್ತು. ನನ್ನ ಮಟ್ಟಿಗೆ ಈ ಉಪಕರಣದ ದೊಡ್ಡ ಗುಣ ಇದೇ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಹುಟ್ಟಿಕೊಂಡವು, ಎಷ್ಟೋ ಮುಚ್ಚಿಯೂ ಹೋದವು. ಒಂದೊಂದರ ಅಚ್ಚೂ ಕೂದಲೆಳೆಯಷ್ಟು ಬೇರೆ. ಅಜ್ಜನ ಕಾಲದ ಹಂಚಿನ ಪಕ್ಕ ಈಗಿನ ಹಂಚು ಇಟ್ಟರೆ ಕಚ್ಚು ಕೂರುವುದಿಲ್ಲ. ಕೆಡವಿದ ಹಳೆಯ ಮನೆಗಳಿಂದ ಅದೇ ಮುದ್ರೆಯದನ್ನು ಹುಡುಕಿ ತರಬೇಕು, ಆದ್ದರಿಂದ ಒಡೆಯದೆ ಉಳಿದ ಒಂದೊಂದು ಹಂಚೂ ಲಾಭವೇ.

ಆಳುಗಳ ಅಭಿಪ್ರಾಯ ಮೊದಮೊದಲು ಅಷ್ಟು ಒಳ್ಳೆಯದಿರಲಿಲ್ಲ. ಮೂವತ್ತು ವರ್ಷ ಹಂಚಿನ ಮೇಲೆ ಬರಿಗಾಲಲ್ಲಿ ನಡೆದ ಮೇಸ್ತ್ರಿಗೆ ಮಟ್ಟಸವಾದ ಹಲಗೆಯ ಮೇಲೆ ನಿಲ್ಲುವುದೇ ಅಪಮಾನದಂತೆ ಕಂಡಿತ್ತು. “ಕಾಲಿನ ಅಭ್ಯಾಸ ತಪ್ತದೆ ಮಾಸ್ತರ್ರೇ,” ಎನ್ನುತ್ತಿದ್ದ. ಐದನೆಯ ದಿನ ನಾನು ಒಂದು ಸಾಲು ಸಾಕೇನೋ, ಇನ್ನೊಂದನ್ನು ಮರಳಿಸಿದರೆ ಬಾಡಿಗೆ ಉಳಿಯುತ್ತದಲ್ಲ ಎಂದಾಗ, ಬೇಡವೆಂದವನು ಅವನೇ. ಹಲಗೆಯ ಮೇಲೆ ನಿಂತರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ, ಹಂಚಿನ ಅಟ್ಟಿ ಪಕ್ಕದಲ್ಲೇ ಇರುತ್ತದೆ. ಕೆಳಗಿನಿಂದ ಒಬ್ಬ ಎಸೆದು ಮೇಲೊಬ್ಬ ಹಿಡಿಯುವ ಸರ್ಕಸ್ಸು ತಪ್ಪುತ್ತದೆ. ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲು ಬದಲಿಸಲು ಪ್ರತಿ ಸಲ 40 ನಿಮಿಷ ಹಿಡಿಯಿತು. 50 ಅಡಿ ಉದ್ದದ ನಮ್ಮ ಮನೆಗೆ ಒಂದೊಂದು ಬದಿಗೂ ನಾಲ್ಕು ನೆಲೆಗಳು ಬೇಕಾದವು. ಅರ್ಧ ದಿನದ ಸಣ್ಣ ದುರಸ್ತಿಗೆ ಇದನ್ನು ತರುವುದರಲ್ಲಿ ಅರ್ಥವಿಲ್ಲ, ಹಳೆಯ ಏಣಿಯೇ ಸಾಕು.

ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಕುದುರೆ ಜಾರುವುದನ್ನು ತಡೆಯುತ್ತದೆ, ಬೀಳುವುದನ್ನು ತಡೆಯುವುದಿಲ್ಲ. ಹಲಗೆಯ ಎರಡು ತುದಿಗಳಲ್ಲಿ, ಹೊರ ಅಂಚಿನಲ್ಲಿ ಯಾವ ತಡೆಯೂ ಇಲ್ಲ. ನಾವು ಐ.ಎಸ್. 3521 ಎಂಬ ಭಾರತೀಯ ಮಾನಕದ ಗುರುತಿನ, ಎದೆ-ತೊಡೆಗಳನ್ನು ಸುತ್ತುವ ಪಟ್ಟಿಗಳನ್ನು ಬೇರೆಯೇ ಬಾಡಿಗೆಗೆ ತಂದು, ಹಗ್ಗವನ್ನು ನೆತ್ತಿಯ ತೊಲೆಗೆ ಸುತ್ತಿ ಕಟ್ಟಿಸಿದೆವು. ಕುದುರೆಗೆ ಹಗ್ಗ ಕಟ್ಟಬಾರದು, ಏಕೆಂದರೆ ಮೊಳೆಯ ಸೀಳುಗಳು ಕೆಳಮುಖದ ಎಳೆತಕ್ಕೆ ಕಚ್ಚಿಕೊಳ್ಳುತ್ತವೆ, ಪಕ್ಕಕ್ಕೋ ಮೇಲಕ್ಕೋ ಜಗ್ಗಿದರೆ ಕಳಚಿಕೊಳ್ಳಬಹುದು. ಕಟ್ಟಡ ಕಾರ್ಮಿಕರ ಕಾನೂನು ಸಣ್ಣ ಖರ್ಚಿನ ಸ್ವಂತ ವಾಸದ ಮನೆಯ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ನಮ್ಮಂಥವರ ಮಾಡಿನ ಮೇಲೆ ಯಾವ ಇನ್ಸ್‌ಪೆಕ್ಟರನೂ ಹತ್ತಿ ನೋಡುವುದಿಲ್ಲ. ನೋಡಬೇಕಾದವರು ಮನೆಯವರೇ.

ಕರಾವಳಿಯವರಿಗೆ ಬೇರೆ ಸೂಚನೆ. ಅಂಕೋಲೆಯಲ್ಲಿರುವ ನನ್ನ ಭಾವ ಇದೇ ನಮೂನೆಯ ನಾಲ್ಕನ್ನು ಬಣ್ಣ ಹೊಡೆಸಿ ಇಟ್ಟುಕೊಂಡಿದ್ದ. ಎರಡು ಮಳೆಗಾಲ ಕಳೆದು ತೆಗೆದಾಗ ಜಾರುವ ಎರಡು ಪಟ್ಟಿಗಳು ತುಕ್ಕಿನಿಂದ ಒಂದಕ್ಕೊಂದು ಬೆಸೆದುಹೋಗಿದ್ದವು. ಹೊರಗಿನ ಬಣ್ಣ ಹಾಗೆಯೇ ಇತ್ತು, ಬ್ರಶ್ಶು ತಲುಪದ ತೂತಿನ ಒಳಬದಿಯಿಂದ ತುಕ್ಕು ಹಬ್ಬಿತ್ತು. ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಗೆ ಬಣ್ಣ ನಿಲ್ಲುವುದಿಲ್ಲ, ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದೇ ಬೇಕು. ಅದನ್ನೂ ತೂತು ಕೊರೆದ ಮೇಲೆ ಮುಳುಗಿಸಿರಬೇಕು. ಮೊದಲೇ ಮುಳುಗಿಸಿ ಆಮೇಲೆ ಕೊರೆದಿದ್ದರೆ ತೂತಿನೊಳಗೆ ಬರಿ ಕಬ್ಬಿಣವೇ ಉಳಿದಿರುತ್ತದೆ.

ಹನ್ನೊಂದು ದಿನದ ಕೆಲಸಕ್ಕೆ ನಾನು ಕೊಟ್ಟ ಬಾಡಿಗೆ 2,640 ರೂಪಾಯಿ. ಆ ದರದಲ್ಲಿ ಕೊಳ್ಳುವುದೇ ಮೇಲೆನಿಸಿ ಹುಬ್ಬಳ್ಳಿಯ ಕಬ್ಬಿಣದ ಕೆಲಸದವರೊಬ್ಬರನ್ನು ವಿಚಾರಿಸಿದೆ. ಸತುವಿನ ಲೇಪವೂ ಸೇರಿ ಒಂದಕ್ಕೆ 900 ರೂಪಾಯಿ ಹೇಳಿದರು. ಮೂರಕ್ಕೆ ಮುಂಗಡ ಕೊಟ್ಟು, ಎರಡು ಬದಲಾವಣೆ ಬರೆದುಕೊಟ್ಟಿದ್ದೇನೆ. ಜಾರುವ ಹೊರಪಟ್ಟಿಯಲ್ಲಿ ಈಗಿರುವ ಒಂದೇ ತೂತಿನಿಂದ, ಒಳಪಟ್ಟಿಯ ಎರಡು ತೂತುಗಳ ನಡುವಿನ ಅಂತರದ ಒಂದೂವರೆಪಟ್ಟು ದೂರಕ್ಕೆ ಇನ್ನೊಂದು ತೂತು ಕೊರೆದರೆ, ಒಳಪಟ್ಟಿಯ ಅದೇ ಐದು ತೂತುಗಳಿಂದಲೇ ನಡುವಿನ ಕೋನಗಳೂ ಸಿಕ್ಕು, ನಮ್ಮ 32 ಡಿಗ್ರಿಗೆ 32ವರೆಯ ನೆಲೆ ಒದಗುತ್ತದೆ. ಎರಡನೆಯದು, ಪಿನ್ನಿಗೆ ಗೇಣುದ್ದದ ಸರಪಳಿ ಬೆಸೆದು ಅದನ್ನು ಕುದುರೆಗೇ ಕಟ್ಟಿಬಿಡುವುದು. ದೀಪಾವಳಿಯ ಹೊತ್ತಿಗೆ ಕೊಡುತ್ತೇವೆ ಎಂದಿದ್ದಾರೆ. ಮೇಸ್ತ್ರಿಯೂ ತನ್ನ ಲೆಕ್ಕದಲ್ಲಿ ಮೂರು ಹೇಳಿಟ್ಟಿದ್ದಾನೆ, ಅರ್ಧ ಹಣ ಈಗ, ಉಳಿದದ್ದು ಅಡಿಕೆ ಕೊಯ್ಲಿನ ನಂತರ.